ಗೋದಲಿಗೆ ಹಿಮ

ಡಿಸೆಂಬರ್ ಇಪ್ಪತ್ತಮೂರು. ಸುಲ್ತಾನ್ ಬತ್ತೇರಿಯ ಕಡವಿನಲ್ಲಿ
ರಮ್ಲತ್ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದಾಳೆ:
"ಎಂತ ಚಳಿ ಮಾರಾಯ್ತಿ!"
ನನ್ನ ಬೆನ್ನಿನಲ್ಲಿ ಬೆವರು.
ತಿಲಕ್ ಸಾಲಿಯಾನನ ಸ್ವೆಟರಿಗೆ ನುಸಿಗುಳಿಗೆಯ ವಾಸನೆ,
ವರ್ಷಕ್ಕೆ ಹತ್ತೇ ದಿನ ಅದಕ್ಕೆ ಹೊರಗಿನ ಗಾಳಿ.

ದೋಣಿ ದಾಟಿದರೆ ತಣ್ಣೀರುಬಾವಿ.
ಹೆಸರಲ್ಲಷ್ಟೇ ತಣ್ಣೀರು; ಕಡಲು ಉಗುರುಬೆಚ್ಚಗೆ.
ಈ ತಿಂಗಳಲ್ಲಿ ಈಜುವುದೆಂದರೆ ನಮ್ಮೂರಲ್ಲಿ
ಕೆರೆಯ ಮಂಜುಗಡ್ಡೆಗೆ ಗರಗಸದಿಂದ ಕಿಂಡಿ ಕೊರೆಯುವುದು, ಎಂದೆ.
ಇಬ್ಬರೂ ನಗಲಿಲ್ಲ. ರಮ್ಲತ್ ತನ್ನ ಮಫ್ಲರ್ ಬಿಚ್ಚಿ
ನನ್ನ ಕೊರಳಿಗೆ ಹಾಕಿದಳು.

ಸಂಜೆ ಬಿಜೈಯಲ್ಲಿ, ಮನೆಯೊಡತಿ ಜೆಸಿಂತಾ ಬಾಯಿ
ಕುಸ್ವಾರಿನ ತಟ್ಟೆ ಬದಿಗಿಟ್ಟು ಕರೆದರು.
ಗೋದಲಿಯಲ್ಲಿ ರಾಗಿ ಮೊಳೆತು ಬೆರಳುದ್ದದ ಗದ್ದೆ,
ಕನ್ನಡಿ ಚೂರಿನ ಕೆರೆ, ಒಂದು ಕಿವಿ ಮುರಿದ ಕತ್ತೆ.
ಹಳೇ ದಿಂಬು ಹರಿದು ಬೂರುಗದ ಹತ್ತಿ ತೆಗೆದು
ಮಾಡಿನ ಮೇಲೆ ಹರಡುತ್ತ,
"ಹೆಲ್ವಿ, ನೀನು ನೋಡಿದವಳಲ್ವಾ,
ಹಿಮ ಹೀಗೆಯೇ ಬೀಳುವುದಾ?"

ಏನು ಹೇಳಲಿ? ಅದು ಬೀಳುವಾಗ ಬೀದಿಗೇ ಕಿವುಡು,
ಅಪ್ಪನ ಸಲಿಕೆಯ ಸದ್ದೊಂದೇ,
ಮೂರು ಗಂಟೆಗೆಲ್ಲ ಇರುಳು.
ನನ್ನ ಕನ್ನಡ ಅಷ್ಟು ದೂರ ನಡೆಯುವುದಿಲ್ಲ.
"ಅಂಚಿನಲ್ಲಿ ಸ್ವಲ್ಪ ದಪ್ಪ ಬೇಕು, ಬಾಯಿ" ಎಂದೆ.
ಅವರು ಇನ್ನೊಂದು ದಿಂಬು ತಂದರು.

ಬೆಳಿಗ್ಗೆ ಎದ್ದು ನೋಡಿದರೆ
ನೆವ್ರಿಯಿಂದ ಉದುರಿದ ಎಳ್ಳೊಂದನ್ನು ಹೊತ್ತು
ಒಂದು ಇರುವೆ ಆ ಮಾಡು ದಾಟುತ್ತಿದೆ,
ಹತ್ತಿಯಲ್ಲಿ ಕಾಲು ಹೂತು, ಎಳೆದು, ಮತ್ತೆ ಹೂತು,
ಜನವರಿಯಲ್ಲಿ ನಮ್ಮೂರ ಅಂಚೆಯವನ ಹಾಗೆ.