ಚಿಂದಿ ಕೋಣೆ, ಪ್ರಾತೊ

ಫಿಯೊರೆಂಜೊ ಬೆರಳಲ್ಲಿ ನೋಡುತ್ತಾನೆ.
ಮೂಟೆ ಬಿಚ್ಚಿ, ಸ್ವೆಟರಿನ ತೋಳು ಹಿಸುಕಿ,
‘ಕುರಿ’ ಅನ್ನುತ್ತಾನೆ.
ಇನ್ನೊಂದು ಹಿಸುಕಿ, ‘ಕುರಿ, ಜೊತೆಗೊಂದಿಷ್ಟು ಸುಳ್ಳು.’
ಸುಳ್ಳೆಂದರೆ ನೈಲಾನು.

ನಲವತ್ತೊಂದು ವರ್ಷ. ಮೂಗಲ್ಲಿ ಸದಾ ನವೆ.
ಪಕ್ಕದ ಮಣೆಯಲ್ಲಿ ನಾನು, ವೆಂಜೌ ಕಡೆಯವಳು,
ಇನ್ನೂ ಕಣ್ಣಲ್ಲೇ ನೋಡುವವಳು.

ಗುಂಡಿ ಕಿತ್ತು ಡಬ್ಬಕ್ಕೆ. ಝಿಪ್ಪು ಬುಟ್ಟಿಗೆ.
ಹೊಲಿಗೆಯನ್ನು ಮೀನಿನ ಮುಳ್ಳಿನಂತೆ ಎಳೆದು
ನೀಲಿಯ ಮೇಲೆ ನೀಲಿ ಒಟ್ಟುತ್ತೇವೆ. ನೀಲಿಯೂ ಒಂದೇ ಅಲ್ಲ:
ಶಾಲೆಯ ನೀಲಿ, ಪೊಲೀಸರ ನೀಲಿ,
ಯಾರೋ ಬಿಸಿಲಿಗೆ ತೋರದೆ ಕಾಪಾಡಿಕೊಂಡ ನೀಲಿ.
ಹೀಗೆ ಬೇರ್ಪಡಿಸಿ ಹಿಂಜಿದರೆ
ಮತ್ತೆ ಬಣ್ಣದಲ್ಲಿ ಅದ್ದಬೇಕಿಲ್ಲ.
ನೂಲಿನಂತೆ ಬಟ್ಟೆಯಲ್ಲ ಇಲ್ಲಿ,
ಬಟ್ಟೆಯಂತೆ ನೂಲು.

ಅವನು ಹುಡುಗನಾಗಿದ್ದಾಗ ಬಿಸೆಂಜಿಯೊ ಹೊಳೆಗಿಳಿದರೆ
ಸೋಮವಾರ ಕೆಂಪು ಪಾದ, ಗುರುವಾರ ಹಸಿರು;
ಅಮ್ಮ ಉಜ್ಜುತ್ತಿದ್ದಳಂತೆ, ಬೈಯುತ್ತ.

ನಿನ್ನೆ ಮಿಲಾನಿಂದ ಬ್ರ್ಯಾಂಡಿನ ಹುಡುಗಿ ಬಂದಿದ್ದಳು,
ಹಿಂದೆ ಕ್ಯಾಮೆರಾ ಹಿಡಿದವನು.
ನಮ್ಮದೇ ನೂಲಿನ ಕೋಟು; ಕೊರಳಲ್ಲಿ
‘ಭೂಮಿಗೆ ಹಗುರ’ ಎಂಬ ಹಸಿರು ಚೀಟಿ.
‘ಅಜ್ಜಾ, ಪರಿಸರದ ಬಗ್ಗೆ ಒಂದು ಮಾತು?’
ಅವನು ಕೋಟಿನ ಅಂಚು ಹಿಸುಕಿದ,
ಬಹಳ ಹೊತ್ತು, ಕಣ್ಮುಚ್ಚಿ.
‘ಸುಳ್ಳಿಲ್ಲ. ಎಷ್ಟು ವರ್ಷ ಹಾಕುತ್ತೀ?’
ಅವಳು ನಕ್ಕಳು: ‘ವರ್ಷವೇ?
ಬೇಸಿಗೆ ಕಳೆದರೆ ಬೇರೆಯದು ಬರುತ್ತದಲ್ಲ!’
‘ಹಾಗಾದರೆ ಗುಂಡಿ ಸಡಿಲ ಹೊಲಿಸಮ್ಮ,
ಕೀಳುವವಳು ಇವಳು.
ಉಗುರು ನೋಡು.’

ನಾನು ಕೈ ಹಿಂದಕ್ಕೆ ಬಚ್ಚಿಟ್ಟುಕೊಂಡೆ.
ಕ್ಯಾಮೆರಾದವನು
ಡಬ್ಬದೊಳಗಿನ ಗುಂಡಿಗಳ ಚಿತ್ರ ತೆಗೆದುಕೊಂಡ.
ಬೆಳಕು ಚೆನ್ನಾಗಿತ್ತಂತೆ.