ಎಡಗೈ ಸುತ್ತು

ಕುರ್ಲಿ ಎಂದು ಹೆಸರಿಟ್ಟವನು ರುಜಾರ್.
ಬೈತಖೋಲದ ಹುಡುಗರಿಗೂ ಅದು ರೋಬೋ ಅಲ್ಲ, ಏಡಿಯೇ:
ಆರು ಕಾಲು, ಕೆರೆಯುವುದಕ್ಕೊಂದು ತೋಳು,
ದಡಕ್ಕೆಳೆದ ದೋಣಿಯ ಹೊಟ್ಟೆಗೆ ಅಂಟಿಕೊಂಡು
ಚಿಪ್ಪು ಕೆತ್ತುವುದು ಅದರ ಕಸುಬು.

ಸೋಮವಾರ ಹತ್ತೂಕಾಲಿಗೆ ಸತ್ತಿತು.
ಹತ್ತೂವರೆಗೆ, ಯಾರೂ ಮುಟ್ಟದೆ, ಎದ್ದಿತು.

ಪೂರ್ತಿ ಕೆಟ್ಟದ್ದು ಸುಲಭ.
ಮಲಗಿದಲ್ಲೇ ಇರುತ್ತದೆ, ಬಂದು ನೋಡು ಅನ್ನುತ್ತದೆ.
ಆಗಾಗ ಕೆಡುವುದು ಹಾಗಲ್ಲ.
ಮೇಜಿನ ಮೇಲಿಟ್ಟರೆ ಸಾಧು ಪ್ರಾಣಿ;
ಮೀಟರಿನಲ್ಲಿ ಇಪ್ಪತ್ನಾಲ್ಕು ವೋಲ್ಟು, ಕೂದಲೆಳೆ ಆಚೀಚೆ ಇಲ್ಲ,
ಡಾಕ್ಟರ ಮುಂದೆ ಕೂತ ಕೂಡಲೇ
ಕೆಮ್ಮು ಮರೆತ ಗುನಗಿ ಮಾಸ್ತರರ ಹಾಗೆ.

ಬ್ಯಾಟರಿ ಬದಲಿಸಿದೆ. ಫ್ಯೂಸು ಬದಲಿಸಿದೆ.
ರಿಲೇ ಬದಲಿಸಿದೆ, ಅದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದದ್ದು,
ಕಂಡಕ್ಟರನಿಗೆ ಐವತ್ತು ರೂಪಾಯಿ ಬೇರೆ.
ಬುಧವಾರ ಮತ್ತೆ ಸತ್ತಿತು,
ಮೋನಪ್ಪ ತಾಂಡೇಲರ ದೋಣಿಯನ್ನು ಅರ್ಧ ಕೆತ್ತಿದ್ದಾಗ.
"ಅರ್ಧ ಗಡ್ಡ ಹೆರೆದು ಕತ್ತಿ ಕೆಳಗಿಟ್ಟಂಗಾಯ್ತು" ಅಂದರು ಅವರು.

ನಾನು ರುಜಾರನ ಮೇಲೆ ಹಾರಾಡಿದೆ.
ತಂತಿಗೆ ಲಗ್ಗು ಒತ್ತಲು ಯಾರು ಕಲಿಸಿದರು ನಿನಗೆ,
ಉಪ್ಪುನೀರಿನ ಹತ್ತಿರ ಇಷ್ಟು ಸಸಾರವೇ
ಅಂತ, ನಾಲ್ಕು ಜನ ಕೇಳುವ ಹಾಗೆ.
ಅವನು ಸ್ಕ್ರೂಗಳನ್ನು ಬಟ್ಟಲಿಗೆ ಹಾಕುತ್ತಿದ್ದ,
ಒಂದೊಂದಾಗಿ, ಸದ್ದಾಗದಂತೆ.

ಗುರುವಾರ ರಾತ್ರಿ ಒಬ್ಬಳೇ ಕೂತೆ.
ಐಸ್ ಫ್ಯಾಕ್ಟರಿಯ ಕಂಪ್ರೆಸರ್ ನಿಂತಿತ್ತು.
ಬ್ಯಾಟರಿ ಕಳಚಿ, ಮೀಟರನ್ನು ಕೂಗುವ ಕಡೆ ತಿರುಗಿಸಿ
ತಂತಿಯ ಎರಡು ತುದಿಗೂ ಕಚ್ಚಿಸಿದೆ.
ಕೂಗಿತು. ಎಲ್ಲ ತಂತಿಯೂ ಕೂಗಿತು. ಎಲ್ಲ ಸರಿ.
ಆಮೇಲೆ ಬೆರಳುಗಳ ನಡುವೆ ಹಿಡಿದು
ಗೇಣು ಗೇಣಾಗಿ ಅಲುಗಿಸುತ್ತಾ ಬಂದೆ,
ತುತ್ತಿನಲ್ಲಿ ಮುಳ್ಳು ಹುಡುಕುವ ನಾಲಿಗೆಯಷ್ಟು ನಿಧಾನ.

ತೋಳನ್ನು ಎಡಕ್ಕೆ ಎತ್ತಿದಾಗ, ಭುಜದ ಹತ್ತಿರ,
ಕೂಗು
ತಡವರಿಸಿತು.
ಮತ್ತೆ ಎತ್ತಿದೆ. ತಡವರಿಸಿತು.
ನಾಲ್ಕು ದಿನದಲ್ಲಿ ಅದು ಮೊದಲ ಸಲ ನಿಜ ಹೇಳಿದ್ದು.

ಹಳದಿ ಟೇಪು ಬಿಚ್ಚತೊಡಗಿದೆ.
ಬಿಚ್ಚುವಾಗಲೇ ಗೊತ್ತಾಯಿತು.
ರುಜಾರ್ ಸುತ್ತುವುದು ಬಲಕ್ಕೆ, ಎಲ್ಲರಂತೆ.
ಇದು ಎಡಕ್ಕೆ ಸುತ್ತಿತ್ತು.
ಈ ಶೆಡ್ಡಿನಲ್ಲಿ ಎಡಗೈಯವಳು ನಾನೊಬ್ಬಳೇ.
ಒಳಗಿನ ಲಗ್ಗು ಬರೀ ಇಕ್ಕಳದಲ್ಲಿ ಕಚ್ಚಿ ಒತ್ತಿದ್ದು,
ಒತ್ತುವ ಟೂಲು ಕೈಗೆ ಸಿಗದ ದಿನ,
ಕೋಡಿಬಾಗದ ಬಸ್ಸಿಗೆ ಹತ್ತೇ ನಿಮಿಷವಿದ್ದಾಗ,
ನಾಳೆ ಸರಿ ಮಾಡಿದರಾಯ್ತು ಎಂದುಕೊಂಡು.
ತಾಮ್ರದ ಎಳೆಗಳಲ್ಲಿ ಹದಿನಾಲ್ಕು ತುಂಡು.
ಉಳಿದೆರಡು, ಹಸಿರು ಹಿಡಿದು,
ಇಡೀ ಕುರ್ಲಿಯನ್ನು ಹೊತ್ತಿದ್ದವು.

ಹೊಸ ಲಗ್ಗು ಒತ್ತಿದೆ. ಎಳೆದು ನೋಡಿದೆ, ಎರಡು ಸಲ.
ಟೇಪನ್ನು ಎಡಕ್ಕೇ ಸುತ್ತಿದೆ; ಅದು ಬದಲಾಗುವಂಥದ್ದಲ್ಲ.

ಬೆಳಿಗ್ಗೆ ರುಜಾರ್ ಕೇಳಿದ, "ಎಲ್ಲಿತ್ತು ಬಾಯೀ?"
ಹಳೆಯ ಲಗ್ಗನ್ನು, ಸುರುಳಿ ಬಿಡದ ಟೇಪಿನ ಸಮೇತ,
ಅವನ ಅಂಗೈಗೆ ಹಾಕಿದೆ.
ಒಮ್ಮೆ ತಿರುಗಿಸಿ ನೋಡಿದ. ಏನೂ ಅನ್ನಲಿಲ್ಲ.
ಬಟ್ಟಲಿಗೆ ಹಾಕಿದ. ಈ ಸಲ ಸದ್ದಾಯಿತು.

ತಾಂಡೇಲರ ದೋಣಿಯ ಇನ್ನರ್ಧಕ್ಕೆ
ಕುರ್ಲಿ ಈಗ ಅಂಟಿಕೊಂಡಿದೆ, ಕೆತ್ತುತ್ತಿದೆ.
ನಾನಿನ್ನೂ ನಂಬಿಲ್ಲ.
ಹತ್ತೂಕಾಲು ದಾಟಲಿ.