ಮೂರನೇ ಲೇಥಿನ ಮ್ಯಾಲಿನ ಟ್ಯೂಬ್‌ಲೈಟು

ಭೋಸರಿಯ ಈ ಶೆಡ್ಡಿನ ಮುಂದ ಗಾಡಿ ನಿಲ್ಲಿಸಿ
ಕಂಪನಿಯವರು ಕೇಳ್ತಾರ:
“ಇಲ್ಲಿ ಮುಖ್ಯಸ್ಥರು ಯಾರು?”
ಹದಿಮೂರು ಮಂದಿ ಹದಿಮೂರು ಕಡೆ ನೋಡ್ತೀವಿ.
ಬಬನ್ ಚಹಾ ತರತಾನ.
ಚಹಾ ತಂದಾಂವ ಮುಖ್ಯಸ್ಥ ಇರ್ಲಿಕ್ಕಿಲ್ಲ ಅಂತ
ಅವರು ಇಸಾಕನ ಬಿಳಿ ಗಡ್ಡಕ್ಕ ನಮಸ್ಕಾರ ಮಾಡ್ತಾರ.

ಪರಾಂಜಪೆ ಸಾಹೇಬ ಸಾಲ ತೀರದ ಬೀಗ ಹಾಕಿ ಹೋದಾಗ
ಬಾಕಿ ಪಗಾರದ ಬದಲಿ ನಮಗ ಮಷಿನ್ ಸಿಕ್ಕವು,
ಮತ್ತ ಅವನ ಕೇಬಿನ್ನು.
ಕೇಬಿನ್ನಿನಾಗ ಯಾರು ಕೂಡ್ರೋದು?
ಮೂರು ದಿನ ಅದ ಮಾತು.
ನಾಕನೇ ದಿನ ಹೌಸಾಬಾಯಿ ಪಾನಾ ತಗೊಂಡು ಬಾಗಲಾನ ಬಿಚ್ಚಿದ್ಲು.
ಈಗ ಅದರ ಮ್ಯಾಲ ಊಟದ ಡಬ್ಬಿ ತೆಗೀತೀವಿ;
ಹಿಡಿಕಿ ಹಂಗ ಐತಿ, ಮೊಳಕೈಗೆ ಬಡೀತೈತಿ.

ಗ್ವಾಡಿ ಮ್ಯಾಲ ಕರಿ ಹಲಗಿ.
ಬಂದವರು ತಮ್ಮ ಹೆಸರಿನ ಮುಂದ ಬರೀತಾರ
ಇವತ್ತು ಏನು ಮಾಡೋದು, ಯಾರಿಂದ ಏನು ಬೇಕು.
“ರೋಹಿಣಿ, ಹನ್ನೊಂದರೊಳಗ ನೂರು ಅಳದು ಕೊಡು.”
ಕೆಳಗ ರೋಹಿಣಿಯ ಅಕ್ಷರ: “ಹನ್ನೊಂದೂವರಿ. ಮಗಳ ಸಾಲಿಗೆ ಹೋಗಬೇಕು.”
ಬರಿಯಾಕ ಬಾರದ ಮಹತೋ ಚಿತ್ರ ತೆಗೀತಾನ:
ಒಂದು ಬಳಿ ಅಂದ್ರ ಬುಶ್,
ಎರಡು ಹನಿ ಅಂದ್ರ ಕೂಲಂಟ್ ತೀರೈತಿ.
ಹುಕುಂ ಅಂಬೋದು ಏನೂ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತು,
ಬಳಪದಾಗ, ಸಂಜಿಗೆ ಅಳಸೋತನಕ.

ಪಗಾರ ಎಲ್ಲಾರ ಮುಂದ ಬಾಯಿಲೆ ಓದ್ತೀವಿ.
ಮೊದಲ ತಿಂಗಳು ನನ್ನ ಕಿವಿ ಸುಟ್ಟವು.
ಈಗ ಮಳಿ ಸುದ್ದಿ ಕೇಳಿದಂಗ ಕೇಳ್ತೀನಿ.

ಬರೇ ಚಂದ ಹೇಳಾಕತ್ತೀನಿ ಅನಬ್ಯಾಡ್ರಿ.
ದೀಪಾವಳಿ ಸೂಟಿ ಯಾರಿಗೆ ಅಂಬೋದಕ್ಕ ರಾತ್ರಿ ಹತ್ತರ ತನಕ ಜಗಳ.
ದತ್ತೋಬಾ ಕುಡದು ಬಂದ ದಿನ
“ಮನಿಗೆ ಹೋಗು” ಅನ್ನಾಕ ಹನ್ನೆರಡು ಮಂದಿ ಬೇಕಾತು,
ಹನ್ನೆರಡು ಮಂದಿಗೂ ಅವತ್ತು ರೊಟ್ಟಿ ಇಳೀಲಿಲ್ಲ.
ಸಾಹೇಬ ಇದ್ದಿದ್ರ ಅಂವ ಬೈದು ಕಳಸತಿದ್ದ,
ನಾವು ಹೊರಗ ನಿಂತು ಸಾಹೇಬಗ ಬೈತಿದ್ವಿ —
ಆ ಸುಖಾನೂ ಹೋತು.

ಶ್ರಾವಣದಾಗ ಒಂದು ರಾತ್ರಿ ಪಾಳಿ. ಮೂರನೇ ಲೇಥ್, ನಾನು.
ನಾಕನೂರು ಬುಶ್,
ಅಷ್ಟೂ ಕೂದಲೆಳಿಯಷ್ಟು ಹೆಚ್ಚಿಗಿ ಕೊರದೀನಿ.
ಮುಂಜಾನೆ, ಹೋಗಬಾರದ ಗೇಜು
ರೋಹಿಣಿಯ ಕೈಯಾಗ ಸರಕ್ಕನ ಒಳಗ ಹೋತು.
ಮೊದಲಾಗಿದ್ರ ಮುಚ್ಚಾಕ ನೂರು ದಾರಿ ಗೊತ್ತಿದ್ದವು ನನಗ:
ಹಳೇ ಕ್ರೇಟಿನ ತಳ, ಮಷಿನ್ನಿನ ವಯಸ್ಸು, ಮುಂದಿನ ಪಾಳಿಯವನ ಹೆಸರು.
ಈಗ ಯಾರಿಂದ ಮುಚ್ಚೋದು?
ಬಳಪ ತಗೊಂಡೆ. ನನ್ನ ಹೆಸರಿನ ಮುಂದ
“ನಾಕನೂರು ಹಾಳು” ಅಂತ ಬರದೆ.
ಮಷಿನ್ ತಿರಗತಾನ ಇದ್ದವು. ಯಾರೂ ಬೈಲಿಲ್ಲ.
ಬೈದಿದ್ರ ಹಗುರಾಗ್ತಿತ್ತು.

ಶನಿವಾರ ಬಾಗಲದ ಸುತ್ತ ಕುಂತಾಗ
ರೋಹಿಣಿ “ಯಾಕ” ಅನಲಿಲ್ಲ. “ಎಷ್ಟು ಗಂಟೆಕ್ಕ?” ಅಂದ್ಲು.
ಎರಡರ ಮ್ಯಾಲ.
“ವರ್ನಿಯರ್ ಕಾಣತಿತ್ತೇನು?”
ಆಗ ಎಲ್ಲಾರೂ ತಲಿ ಎತ್ತಿದ್ವಿ.
ಟ್ಯೂಬು ಪಂಚಮಿಗಿಂತ ಮೊದಲಿಂದ ಕಣ್ಣು ಪಿಳಕಸತಿತ್ತು.
ಹದಿಮೂರು ಮಂದಿ ನೋಡೀವಿ.
ಹದಿಮೂರು ಮಂದಿ ಅಂದ್ಕೊಂಡೀವಿ, ಯಾರರ ಹಾಕ್ತಾರ.
ಹತ್ತು ಮಂದಿಯ ಎಮ್ಮಿ ಹಸದು ಸತ್ತಿತ್ತಂತ,
ನಮ್ಮಜ್ಜಿ ಹೇಳತಿದ್ಲು; ನಾವು ಹದಿಮೂರು.

ನಷ್ಟ ಪಾಲಾತು. ನನ್ನ ಪಾಲು ದೊಡ್ಡದಿರಲಿ ಅಂದೆ.
ಬ್ಯಾಡ ಅಂತ ಕೈ ಎತ್ತಿದ್ರು, ಇಸಾಕ ಎತ್ತಲಿಲ್ಲ.
“ಕಣ್ಣು ನಿನಗೂ ಇದ್ದವಲ್ಲ,” ಅಂದ.
ಖರೇ ಅಂದ.

ಏಣಿ ತಂದಾಂವ ಮಹತೋ, ಹಿಡದಾಕಿ ಹೌಸಾಬಾಯಿ.
ಏರಿದೆ.
ಮ್ಯಾಲಿಂದ ನೋಡಿದ್ರ ಶೆಡ್ಡು ಹಿಂಗ ಕಾಣತೈತಂತ ಗೊತ್ತಿರಲಿಲ್ಲ:
ಹಲಗಿ, ಬಾಗಲಾ, ಹನ್ನೆರಡು ತಲಿ, ಅದರಾಗ ಎರಡು ಬೋಳು.
ಸ್ವಲ್ಪ ಹೊತ್ತು ಅಲ್ಲೇ ನಿಂತೆ.
“ಸಾಹೇಬ್, ಕೆಳಗ ಇಳೀರಿ,” ಅಂತ ಬಬನ್ ನಕ್ಕ.
ಇಳದೆ.
ಹಲಗಿಯ ಮೂಲ್ಯಾಗ ಯಾರೋ ಹೊಸಾ ಸಾಲು ಬರದಿದ್ರು:
ಬೆಳಕು — ಈ ವಾರ ದತ್ತೋಬಾ.